ಹಬ್ಬಕ್ಕೆ 12 ದಿನ ಇದೆ, ಗೋಡೆ ಉಬ್ಬಿದೆ: ಈಗ ಯಾವುದಕ್ಕೆ ಕೈ ಹಾಕ್ಬೇಕು, ಯಾವುದನ್ನ ಬಿಡ್ಬೇಕು?

ಪ್ರಶ್ನೆ: ಸರ್, ಹಬ್ಬಕ್ಕೆ ಇನ್ನು 12 ದಿನ ಇದೆ. ನಮ್ಮ ಯಜಮಾನ್ರ ಅಕ್ಕ, ತಂಗಿ, ಅವರ ಮನೆಯವ್ರು, ಮಕ್ಕಳು ಎಲ್ಲಾ ಸೇರಿ 9 ಜನ ಬಂದು ನಾಲ್ಕು ದಿನ ಇರ್ತಾರೆ. ನಾದಿನಿಗೆ ಈಗ ಏಳು ತಿಂಗಳು. ಅವಳಿಗೆ ಅಂತ ಇಟ್ಟಿರೋ ರೂಮಲ್ಲೇ ಗೋಡೆ ಕೆಳಗಡೆ ಬಣ್ಣ ಬೊಬ್ಬೆ ಥರ ಉಬ್ಬಿ ಬಿಳೀ ಪುಡಿ ಉದುರ್ತಿದೆ, ಆ ಗೋಡೆ ಆಚೆ ನಾವು ದಿನಾ ಬಳಸೋ ಬಾತ್‌ರೂಮ್ ಇದೆ. ಮೂರು ವರ್ಷದಲ್ಲಿ ಎರಡು ಸಲ ಪೈಂಟ್ ಮಾಡಿಸಿದ್ವಿ, ಮತ್ತೆ ಹಾಗೇ ಆಗತ್ತೆ. ಯಜಮಾನ್ರು ವಾಟರ್‌ಪ್ರೂಫ್ ಪೈಂಟ್ ಎರಡು ಕೋಟ್ ಹೊಡೆದ್ರೆ ಮುಗೀತು ಅಂತಾರೆ. ಮಾವನವರಿಗೆ 72, ಈ ಮನೆ 26 ವರ್ಷದ ಹಿಂದೆ ಅವರೇ ನಿಂತು ಕಟ್ಟಿಸಿದ್ದು, ಯಾರನ್ನೂ ಕರೀಬೇಡಿ ನಾನೇ ಮಾಡ್ತೀನಿ ಅಂತ ಏಣಿ ತಂದು ಹಾಲಲ್ಲಿ ಇಟ್ಟಿದ್ದಾರೆ. ಇದರ ಜೊತೆ ಬಾತ್‌ರೂಮಿನ ನೀರಿನ ನಲ್ಲಿ ತೊಟ್ಟಿಕ್ತಿದೆ, ಮೇಲಿನ ಗೆಸ್ಟ್ ಬಾತ್‌ರೂಮ್ ಬಾಗಿಲು ತೆಗೆದ್ರೆ ಗಟಾರದ ವಾಸನೆ, ರೂಮ್ ಬಾಗಿಲು ಹಿಡ್ಕೊಳ್ಳತ್ತೆ, ಹಾಲಲ್ಲಿ ಒಂದು ಸ್ವಿಚ್ ಹಾಕಿದ್ರೆ ಚರ್ ಅಂತ ಸದ್ದು ಬರತ್ತೆ. ದಿನಾ ಊಟಕ್ಕೆ ಕೂತಾಗ ಇದೇ ವಾದ. ಎಲ್ಲಾ ಮಾಡೋಕಾಗಲ್ಲ ಅಂತ ನಂಗೂ ಗೊತ್ತು, ಮೊದಲು ಯಾವುದು ಮಾಡಿಸ್ಲಿ ಹೇಳಿ.

ಉತ್ತರ: ನೋಡಿ ಮೇಡಂ, ನಿಮ್ಮ ಪತ್ರ ಓದಿದಾಗ ನೀವು ಹೆಚ್ಚು ಸಾಲು ಬರೆದಿದ್ದು ಗೋಡೆ ಬಗ್ಗೆ, ಕೊನೇಲಿ ಒಂದೇ ಸಾಲಲ್ಲಿ ಬರೆದಿದ್ದು ಸ್ವಿಚ್ ಬಗ್ಗೆ, ನಾನು ಅದನ್ನ ತಿರುಗಿಸಿ ಹಿಡೀತೀನಿ, ಯಾಕಂದ್ರೆ ಗೋಡೆ ಮೂರು ವರ್ಷದಿಂದ ಹಾಗೇ ಇದೆ, ಇನ್ನೂ ಮೂರು ತಿಂಗಳು ಇದ್ರೆ ಯಾರಿಗೂ ಏನೂ ಆಗಲ್ಲ, ಆದ್ರೆ ಚರ್ ಅನ್ನೋ ಸ್ವಿಚ್ ಹಬ್ಬದ ತನಕ ಕಾಯೋ ವಸ್ತು ಅಲ್ಲ. ಇವತ್ತೇ ಆ ಸ್ವಿಚ್ ಬಳಸೋದು ನಿಲ್ಸಿ. ಅದರ ಮೇಲೆ ಒಂದು ಟೇಪ್ ಅಂಟ್ಸಿ, ಮಕ್ಕಳಿಗೆ ಹೇಳಿ, ನಾಳೆ ಎಲೆಕ್ಟ್ರಿಷಿಯನ್ ಕರೀರಿ.

ಆ ಸದ್ದು ಯಾಕೆ ಬರತ್ತೆ ಅಂದ್ರೆ ಒಳಗೆ ವೈರ್ ಹಿಡಿದಿರೋ ಸ್ಕ್ರೂ ಸಡಿಲ ಆಗಿರತ್ತೆ, ಇಲ್ಲಾ ಸ್ವಿಚ್ ಒಳಗಿನ ತಾಗೋ ಜಾಗ ಸುಟ್ಟು ಸವೆದಿರತ್ತೆ. ಎರಡರಲ್ಲೂ ಕರೆಂಟು ಹರಿಯೋ ಜಾಗ ಕಿರಿದಾಗಿ ಅಲ್ಲಿ ಬಿಸಿ ಹುಟ್ಟತ್ತೆ, ಬಿಸಿಗೆ ಸ್ಕ್ರೂ ಇನ್ನೂ ಸಡಿಲ ಆಗತ್ತೆ, ಸಡಿಲ ಆದಷ್ಟೂ ಇನ್ನೂ ಬಿಸಿ. ಬೋರ್ಡ್ ಮುಟ್ಟಿದ್ರೆ ಬೆಚ್ಚಗಿದೆಯಾ, ಸ್ವಿಚ್ ಸುತ್ತ ಪ್ಲಾಸ್ಟಿಕ್ ಹಳದಿ ಅಥವಾ ಕಂದು ಆಗಿದೆಯಾ, ಹತ್ರ ಹೋದ್ರೆ ಮೀನಿನ ಥರ ವಾಸನೆ ಬರತ್ತಾ, ಇದರಲ್ಲಿ ಒಂದಿದ್ರೂ ನಾಳೆ ಅಂತಾನೂ ಬೇಡ, ಆ ಲೈನಿನ ಎಂಸಿಬಿ, ಅಂದ್ರೆ ಮೇನ್ ಬೋರ್ಡಲ್ಲಿ ಆ ಲೈನಿನ ಕರೆಂಟು ಕಡಿಯೋ ಚಿಕ್ಕ ಸ್ವಿಚ್, ಈಗಲೇ ಆಫ್ ಮಾಡಿ ಇಡಿ.

ಇಲ್ಲಿ ಒಂದು ತಪ್ಪು ನಂಬಿಕೆ ಇದೆ, ಓದಿದವರ ಮನೇಲೂ ಕೇಳಿದ್ದೀನಿ, "ಎಂಸಿಬಿ ಇದೆಯಲ್ಲ, ಏನಾದ್ರೂ ಆದ್ರೆ ತಾನಾಗೇ ಬೀಳತ್ತೆ". ಬೀಳಲ್ಲ. ಎಂಸಿಬಿ ಬೀಳೋದು ಕರೆಂಟು ಮಿತಿ ಮೀರಿ ಹರಿದಾಗ ಅಥವಾ ಶಾರ್ಟ್ ಆದಾಗ. ಸಡಿಲ ಸ್ಕ್ರೂನಲ್ಲಿ ಹರಿಯೋ ಕರೆಂಟು ಮಾಮೂಲಿಯಷ್ಟೇ ಇರತ್ತೆ, ಒಂದೇ ಬಿಂದುವಲ್ಲಿ ಬಿಸಿ ಆಗ್ತಿರತ್ತೆ, ಅದು ಎಂಸಿಬಿಗೆ ಗೊತ್ತೇ ಆಗಲ್ಲ. ಆರ್‌ಸಿಸಿಬಿ, ಅಂದ್ರೆ ಶಾಕ್‌ನಿಂದ ಕಾಪಾಡೋಕೆ ಹಾಕೋ ಸ್ವಿಚ್, ಕೂಡ ಇದನ್ನ ಹಿಡಿಯಲ್ಲ, ಅದು ಹಿಡಿಯೋದು ಕರೆಂಟು ದಾರಿ ತಪ್ಪಿ ನೆಲಕ್ಕೆ ಸೋರಿದಾಗ, ಉದಾಹರಣೆಗೆ ಒಬ್ಬರ ಮೈ ಮೂಲಕ ಹರಿದಾಗ. ಅದೂ ಬೇಕೇ ಬೇಕು, ಮನೆಗೆ ಹಾಕೋದು ಸಾಮಾನ್ಯವಾಗಿ 30 ಮಿಲಿಆಂಪಿಯರ್‌ದು, ಅದರ ಮೇಲೆ ಟೆಸ್ಟ್ ಅಂತ ಒಂದು ಬಟನ್ ಇರತ್ತೆ, ಒತ್ತಿದ ತಕ್ಷಣ ಬೀಳಬೇಕು, ಬೀಳಲಿಲ್ಲ ಅಂದ್ರೆ ಅದು ಇದ್ದೂ ಇಲ್ಲದ ಹಾಗೆ, ಎಲೆಕ್ಟ್ರಿಷಿಯನ್ ಬಂದಾಗಲೇ ಅವರಿಗೆ ತೋರಿಸಿ ಬದಲಾಯಿಸಿ. ಹಾಗೇ 9 ಜನ ಬಂದಾಗ ಏನಾಗತ್ತೆ ಅಂದ್ರೆ ಫೋನ್ ಚಾರ್ಜರ್, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸೋ ಕೆಟಲ್, ಅಲಂಕಾರದ ದೀಪ ಎಲ್ಲಾ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಬೀಳತ್ತೆ. 230 ವೋಲ್ಟ್ ಇರೋ ಕಡೆ 2000 ವ್ಯಾಟಿನ ಕೆಟಲ್ ಒಂದೇ ಸುಮಾರು 8.7 ಆಂಪಿಯರ್ ಎಳೆಯತ್ತೆ, ಬೋರ್ಡಿನ ಹಿಂದೆ 6 ಆಂಪಿಯರ್ ಅಂತ ಬರೆದಿದ್ರೆ ಆ ಒಂದಕ್ಕೇ ಅದು ಸೋತು ಹೋಯ್ತು. ಚಾರ್ಜರ್‌ಗಳು ಎಷ್ಟು ಬೇಕಾದ್ರೂ ಇರಲಿ, ಬಿಸಿ ಮಾಡೋ ಸಾಮಾನು ಮಾತ್ರ ಅದರ ಆಂಪಿಯರ್‌ಗೆ ತಕ್ಕ ಗೋಡೆ ಸಾಕೆಟ್‌ಗೇ. ಎಕ್ಸ್‌ಟೆನ್ಷನ್ ವೈರ್ ಸುರುಳಿ ಸುತ್ತಿದ ಹಾಗೇ ಬಳಸ್ಬೇಡಿ, ಪೂರ್ತಿ ಬಿಚ್ಚಿ, ಸುತ್ತಿದ ವೈರಲ್ಲಿ ಬಿಸಿ ಹೊರಗೆ ಹೋಗೋಕೆ ಜಾಗ ಇರಲ್ಲ.

ಈಗ ಗೋಡೆಗೆ ಬರೋಣ, ನಿಮ್ಮ ಮನೆಯ ಜಗಳ ಇರೋದೇ ಇಲ್ಲಿ.

ನಿಮ್ಮ ಯಜಮಾನ್ರು ಹೇಳೋದು ತೀರಾ ತಪ್ಪು ಅಂತ ನಾನು ಹೇಳಲ್ಲ, ವಾಟರ್‌ಪ್ರೂಫ್ ಪೈಂಟ್ ಅನ್ನೋದು ಒಳ್ಳೇ ವಸ್ತುವೇ, ಆದ್ರೆ ನೀರು ಬರೋ ಕಡೆಯಿಂದ ಹಚ್ಚಿದಾಗ. ನಿಮ್ಮಲ್ಲಿ ನೀರು ಬರ್ತಿರೋದು ಗೋಡೆ ಒಳಗಿಂದ, ನೀವು ಹಚ್ಚೋದು ನೀರು ಹೊರಗೆ ಬರೋ ಮುಖಕ್ಕೆ. ಆಗ ಏನಾಗತ್ತೆ, ಗೋಡೆ ಉಸಿರಾಡ್ತಿದ್ದ ಬಾಯಿ ಮುಚ್ಚಿದ ಹಾಗೆ ಆಗತ್ತೆ, ನೀರು ಅಲ್ಲೇ ನಿಂತು ಪೈಂಟ್ ಹಿಂದೆ ಒತ್ತತ್ತೆ, ಕೆಲವು ತಿಂಗಳಲ್ಲಿ ಪೈಂಟ್ ಹಾಳೆ ಥರ ಎದ್ದು ಬರತ್ತೆ, ಇಲ್ಲಾ ಮುಚ್ಚಿದ ಜಾಗ ಬಿಟ್ಟು ಇನ್ನೂ ಒಂದಡಿ ಮೇಲೆ ಹೋಗಿ ಅಲ್ಲಿ ಉಬ್ಬತ್ತೆ. ಒಂದು ಮನೇಲಿ ನಾನು ನೋಡಿದ್ದೀನಿ, ಮೊಣಕಾಲೆತ್ತರ ಇದ್ದ ತೇವ ಮೂರು ಸಲ ಮುಚ್ಚಿ ಮುಚ್ಚಿ ಸೊಂಟದೆತ್ತರಕ್ಕೆ ಬಂದಿತ್ತು, ಪ್ರತಿ ಸಲ ಪೈಂಟ್ ಮಾಡಿದವರು ಬೇರೆ, ಪ್ರತಿ ಸಲ ಮಾಡಿದ ಕೆಲಸ ಮಾತ್ರ ಒಂದೇ.

ಆ ಬಿಳೀ ಪುಡಿ ಸುಣ್ಣ ಅಲ್ಲ, ಬೂಷ್ಟೂ ಅಲ್ಲ, ಅದು ಉಪ್ಪು. ಇಟ್ಟಿಗೆ, ಸಿಮೆಂಟು, ಮಣ್ಣು ಎಲ್ಲದರಲ್ಲೂ ಒಂದಿಷ್ಟು ಲವಣ ಇರತ್ತೆ, ನೀರು ಗೋಡೆ ಒಳಗೆ ಓಡಾಡುವಾಗ ಅದನ್ನ ಕರಗಿಸ್ಕೊಂಡು ಬರತ್ತೆ, ಗೋಡೆ ಮುಖಕ್ಕೆ ಬಂದು ನೀರು ಆವಿ ಆಗಿ ಹೋಗತ್ತೆ, ಉಪ್ಪು ಅಲ್ಲೇ ಉಳಿದು ಹರಳುಗಟ್ಟತ್ತೆ. ಹರಳು ಬೆಳೆಯುವಾಗ ಜಾಗ ಬೇಕಲ್ಲ, ಹಾಗಾಗಿ ಪೈಂಟ್ ಮತ್ತೆ ಪುಟ್ಟಿಯನ್ನ ಹಿಂದಿನಿಂದ ತಳ್ಳತ್ತೆ, ನೀವು ನೋಡ್ತಿರೋ ಬೊಬ್ಬೆ ಅದೇ. ಅದಕ್ಕೇ ಈ ಪುಡೀನ ಒದ್ದೆ ಬಟ್ಟೇಲಿ ಒರೆಸಬಾರದು, ಒರೆಸಿದ್ರೆ ಅದು ಮತ್ತೆ ಕರಗಿ ಗೋಡೆ ಒಳಗೇ ಹೋಗತ್ತೆ, ನಾಲ್ಕು ದಿನಕ್ಕೆ ಮತ್ತೆ ಹೊರಗೆ. ಒಣಗಿದ ಬ್ರಷ್‌ನಲ್ಲಿ ನಿಧಾನಕ್ಕೆ ಉದುರಿಸಿ ಎತ್ತಿ ಹೊರಗೆ ಹಾಕ್ಬೇಕು. ಕಪ್ಪು ಅಥವಾ ಹಸಿರು ಚುಕ್ಕೆ ಇದ್ರೆ ಮಾತ್ರ ಅದು ಬೂಷ್ಟು, ಅದಕ್ಕೆ ಇದರ ಉಲ್ಟಾ, ಒಣ ಬ್ರಷ್ ಹಾಕಿದ್ರೆ ಬೀಜ ಎಲ್ಲಾ ರೂಮ್ ತುಂಬ ಹಾರತ್ತೆ, ಮೂಗಿಗೆ ಮಾಸ್ಕ್ ಹಾಕ್ಕೊಂಡು ಸೋಪ್ ನೀರಲ್ಲಿ ಒರೆಸಿ ಒಣಗಿಸ್ಬೇಕು.

ಹಾಗಾದ್ರೆ ನೀರು ಎಲ್ಲಿಂದ ಬರ್ತಿದೆ? ಇದು ತಿಳೀದೆ ಮಾಡೋ ಯಾವ ಖರ್ಚೂ ದಂಡ. ನಿಮ್ಮ ವಿಷಯದಲ್ಲಿ ನಾಲ್ಕು ಸಾಧ್ಯತೆ. ಬಾತ್‌ರೂಮ್ ಗೋಡೆ ಒಳಗಿರೋ ನೀರಿನ ಪೈಪು ಜಾಯಿಂಟಲ್ಲಿ ಸೋರ್ತಿರಬಹುದು. ಇಲ್ಲಾ ಪೈಪು ಚೆನ್ನಾಗೇ ಇದೆ, ಬಾತ್‌ರೂಮ್ ಟೈಲ್ಸ್ ಸಂದಿಗೆ ತುಂಬಿರೋ ಗಾರೆ, ಅಂದ್ರೆ ಗ್ರೌಟ್, ಹೋಗಿ ಸ್ನಾನದ ನೀರು ಒಳಗೆ ಇಳೀತಿರಬಹುದು, ನೆಲ ಮತ್ತೆ ಗೋಡೆ ಸೇರೋ ಮೂಲೆ ಬಿರುಕು ಬಿಡೋದು ಬಹಳ ಸಾಮಾನ್ಯ. ಇಲ್ಲಾ ನೆಲದಿಂದಲೇ ತೇವ ಮೇಲಕ್ಕೆ ಏರ್ತಿರಬಹುದು, ದೀಪದ ಬತ್ತಿ ಎಣ್ಣೆ ಹೀರೋ ಹಾಗೆ ಇಟ್ಟಿಗೆ ನೀರು ಹೀರತ್ತೆ, ಅದು ಸಾಮಾನ್ಯವಾಗಿ ಸುಮಾರು ಒಂದು ಮೀಟರ್ ಒಳಗೇ ನಿಲ್ಲತ್ತೆ, ಗೋಡೆ ಉದ್ದಕ್ಕೂ ಒಂದೇ ಎತ್ತರದಲ್ಲಿ ಗೆರೆ ಎಳೆದ ಹಾಗೆ ಕಾಣತ್ತೆ. ನಾಲ್ಕನೇದು ರೂಮಿನ ಗಾಳಿಯ ತೇವವೇ ತಣ್ಣಗಿನ ಗೋಡೆಗೆ ತಾಗಿ ನೀರಾಗೋದು, ಬೀರು ಗೋಡೆಗೆ ಅಂಟಿಸಿ ಇಟ್ಟಿದ್ರೆ ಅದರ ಹಿಂದೆ ಹೀಗಾಗತ್ತೆ.

ಇದನ್ನ ಬೇರೆ ಮಾಡೋಕೆ ದುಡ್ಡು ಖರ್ಚಾಗೋ ಮಷೀನ್ ಏನೂ ಬೇಡ. ಮೊದಲು ಒಂದು ಪೆನ್ಸಿಲ್ ತಗೊಂಡು ಈಗ ತೇವ ಎಲ್ಲೀ ತನಕ ಇದೆಯೋ ಅದರ ಸುತ್ತ ಗೋಡೆ ಮೇಲೇ ಗೆರೆ ಎಳೆದು ಪಕ್ಕ ತಾರೀಕು ಬರೀರಿ, ಈ ಗೆರೆ ಮುಂದೆ ನಿಮಗೆ ಬಹಳ ಉಪಯೋಗಕ್ಕೆ ಬರತ್ತೆ. ಆಮೇಲೆ ರಾತ್ರಿ ಎಲ್ಲಾ ನಲ್ಲಿ ಮುಚ್ಚಿ, ಫ್ಲಶ್ ಟ್ಯಾಂಕ್ ತುಂಬಿದ ಮೇಲೆ, ನೀರಿನ ಮೀಟರ್ ಓದಿ ಬರೆದುಕೊಳ್ಳಿ, ಎರಡು ಗಂಟೆ ಯಾರೂ ನೀರು ಮುಟ್ಟದೇ ಇದ್ದು ಮತ್ತೆ ಓದಿ. ಮುಂದಕ್ಕೆ ಹೋಗಿದ್ರೆ ಎಲ್ಲೋ ಸೋರ್ತಿದೆ. ಒಂದು ಮಾತು, ನಿಮ್ಮದು ಟ್ಯಾಂಕಿಂದ ಮನೆಗೆ ಬರೋ ನೀರಾಗಿದ್ರೆ ಮೀಟರ್ ಟ್ಯಾಂಕಿಗೆ ಮುಂಚೆ ಇರತ್ತೆ, ಆಗ ಟ್ಯಾಂಕಿಗೆ ನೀರು ಬರೋದನ್ನ ನಿಲ್ಸಿ ಟ್ಯಾಂಕಿನ ನೀರಿನ ಮಟ್ಟಕ್ಕೇ ಗುರುತು ಹಾಕಿ ರಾತ್ರಿಯಿಂದ ಬೆಳಿಗ್ಗೆ ತನಕ ಬಿಟ್ಟು ನೋಡಿ. ಮತ್ತೆ ನಿಮ್ಮ ತೊಟ್ಟಿಕ್ಕೋ ನಲ್ಲೀನ ಮೊದಲು ಸರಿ ಮಾಡದೇ ಈ ಪರೀಕ್ಷೆ ಮಾಡಿದ್ರೆ ಉತ್ತರ ತಪ್ಪು ಬರತ್ತೆ, ಸೆಕೆಂಡಿಗೆ ಒಂದು ಹನಿ ಬಿದ್ರೂ ದಿನಕ್ಕೆ ಹೆಚ್ಚುಕಮ್ಮಿ 10ರಿಂದ 20 ಲೀಟರ್ ಆಗತ್ತೆ.

ಪೈಪು ಚೆನ್ನಾಗಿದೆ ಅಂತ ಆದ್ರೆ ಆ ಬಾತ್‌ರೂಮಲ್ಲಿ ನಾಲ್ಕೈದು ದಿನ ಸ್ನಾನ ನಿಲ್ಸಿ, ಎಲ್ಲರೂ ಮೇಲಿನ ಬಾತ್‌ರೂಮ್ ಬಳಸಿ. ಪೆನ್ಸಿಲ್ ಗೆರೆಯಿಂದ ತೇವ ಒಳಗೆ ಸರಿದ್ರೆ, ಅಥವಾ ಗೋಡೆ ಮುಟ್ಟಿದಾಗ ಮೊದಲಿನಷ್ಟು ತಣ್ಣಗೆ ಇಲ್ಲ ಅಂದ್ರೆ, ಸ್ನಾನದ ನೀರೇ ಕಾರಣ, ಗ್ರೌಟ್ ಕೆಲಸ ಮಾಡಿಸಿದ್ರೆ ಬಹುತೇಕ ನಿಂತು ಹೋಗತ್ತೆ. ಇನ್ನೊಂದು ಪ್ಲಾಸ್ಟಿಕ್ ಹಾಳೆ ಪರೀಕ್ಷೆ: ಒಂದಡಿ ಚೌಕದ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟ್ಸಿ, ಬಣ್ಣ ಉದುರೋ ಜಾಗದಲ್ಲಿ ಟೇಪ್ ನಿಲ್ಲಲ್ಲ, ಅದರ ಸ್ವಲ್ಪ ಮೇಲೆ ಗಟ್ಟಿ ಇರೋ ಕಡೆ ಅಂಟ್ಸಿ, ಎರಡು ದಿನ ಬಿಡಿ. ಹನಿ ಹಾಳೆಯ ಹಿಂದೆ ಕೂತಿದ್ರೆ ನೀರು ಗೋಡೆಯಿಂದ, ನಿಮ್ಮ ಕಡೆ ಕೂತಿದ್ರೆ ರೂಮಿನ ಗಾಳಿಯಿಂದ, ಆಗ ಕಿಟಕಿ ತೆಗೆದು ಬೀರು ನಾಲ್ಕು ಇಂಚು ಮುಂದೆ ಎಳೆದ್ರೆ ಅರ್ಧ ಕೆಲಸ ಆಯ್ತು.

ಈಗ 12 ದಿನದ ಪ್ರಶ್ನೆ. ಸೋರೋ ಜಾಗ ನಾಳೆಯೇ ಸಿಕ್ಕಿ ನಾಡಿದ್ದೇ ಸರಿ ಮಾಡಿದ್ರೂ ಗೋಡೆ ಹಬ್ಬಕ್ಕೆ ಒಣಗಲ್ಲ. ನಮ್ಮ ಕೆಲಸದಲ್ಲಿ ಒಂದು ಅಂದಾಜು ಇದೆ, ನೆನೆದ ಗೋಡೆ ಒಂದು ಇಂಚು ದಪ್ಪ ಒಣಗೋಕೆ ಸುಮಾರು ಒಂದು ತಿಂಗಳು. ಗಾಳಿ ಬೆಳಕು ಚೆನ್ನಾಗಿದ್ರೆ ಬೇಗ, ಇಲ್ಲಾಂದ್ರೆ ಇನ್ನೂ ನಿಧಾನ, ಆದ್ರೆ 12 ದಿನದಲ್ಲಂತೂ ಆಗೋ ಮಾತಲ್ಲ. ಫ್ಯಾನ್ ಹಾಕಿದ್ರೆ ಮೇಲ್ಮೈ ಒಣಗಿ ಕೈಗೆ ಒಣಗಿದ ಹಾಗೆ ಅನ್ಸತ್ತೆ, ಒಳಗೆ ಹಸಿಯೇ ಇರತ್ತೆ, ನೀವು ಎರಡು ಸಲ ಮಾಡಿಸಿದ ಪೈಂಟ್ ಎದ್ದಿದ್ದು ಬಹುಶಃ ಇದಕ್ಕೇ, ಪೈಂಟ್ ಕಂಪನಿ ಒಳ್ಳೇದಲ್ಲ ಅಂತ ಅಲ್ಲ.

ಹಾಗಾಗಿ ನಿಮ್ಮ ಮುಂದೆ ಇರೋ ದಾರಿಗಳನ್ನ ಅದರದರ ಅಪಾಯದ ಜೊತೆ ಹೇಳ್ತೀನಿ. ಗಾರೆ ಒಡೆದು ಪೈಪು ಬದಲಾಯಿಸಿ ಹೊಸ ಪ್ಲಾಸ್ಟರ್ ಹಾಕೋದು ಸರಿಯಾದ ಕೆಲಸ, ಆದ್ರೆ ಈಗ ಶುರು ಮಾಡಿದ್ರೆ ನಿಮ್ಮ ನೆಂಟರು ಬರುವಾಗ ಬಾತ್‌ರೂಮ್ ಒಡೆದಿರತ್ತೆ, ಹೊಸ ಗಾರೆಗೂ ಪೈಂಟಿಗೂ ಮಧ್ಯೆ ಕನಿಷ್ಠ ನಾಲ್ಕು ವಾರ ಬೇಕು, ಅದನ್ನ ಹಬ್ಬ ಮುಗಿದ ಮೇಲೆ ಇಟ್ಕೊಳ್ಳಿ. ಪೈಪೇ ಜೋರಾಗಿ ಸೋರ್ತಿದ್ರೆ ಮಾತ್ರ ಕಾಯ್ಬೇಡಿ, ಪ್ಲಂಬರ್ ಕೈಲಿ ಆ ಲೈನ್ ಒಂದನ್ನ ಬಂದ್ ಮಾಡ್ಸಿ ಬಕೆಟ್‌ನಲ್ಲಿ ನೀರು ಹಿಡಿದು ಹಬ್ಬ ಕಳೀರಿ. ಎರಡನೇದು ಯಜಮಾನ್ರ ವಾಟರ್‌ಪ್ರೂಫ್ ಪೈಂಟು, ಹಬ್ಬದ ನಾಲ್ಕು ದಿನ ಚೆನ್ನಾಗಿ ಕಾಣಬಹುದು, ಆದ್ರೆ ಮುಂದೆ ನಿಜವಾದ ರಿಪೇರಿ ಮಾಡುವಾಗ ಅದನ್ನ ಕೆರೆದು ತೆಗೆಯೋ ಕೂಲಿ ಬೇರೆ, ಅಲ್ಲೀ ತನಕ ಗೋಡೆ ಒಣಗೋದೂ ಇಲ್ಲ. ಮೂರನೇದು ಪ್ಲಾಸ್ಟಿಕ್ ಪ್ಯಾನಲ್ ಅಥವಾ ವಾಲ್‌ಪೇಪರ್ ಅಂಟಿಸೋದು, ಇದನ್ನ ನಾನು ಖಂಡಿತ ಬೇಡ ಅಂತೀನಿ, ಒದ್ದೆ ಗೋಡೆ ಮುಚ್ಚಿದ್ರೆ ಹಿಂದೆ ಬೂಷ್ಟು ಬೆಳೆಯೋಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ, ಅದೂ ಗರ್ಭಿಣಿ ಮಲಗೋ ರೂಮಲ್ಲಿ.

ನಾನು ನಿಮ್ಮ ಜಾಗದಲ್ಲಿದ್ರೆ ನಾಲ್ಕನೇದು ಮಾಡ್ತಿದ್ದೆ. ತಾನಾಗೇ ಬೀಳೋ ಹಾಗಿರೋ ಬೊಬ್ಬೆ ಅಷ್ಟನ್ನೇ ತೆಗೆದು, ಉಪ್ಪು ಉದುರಿಸಿ, ಆ ಜಾಗ ಹಾಗೇ ಬರಿದಾಗಿ ಬಿಟ್ಟು ಗಾಳಿಗೆ ಒಡ್ಡೋದು. ನೋಡೋಕೆ ಚೆನ್ನಾಗಿರಲ್ಲ ಅನ್ನೋದು ನಿಜ. ಗೋಡೆಯಿಂದ ಒಂದು ಗೇಣು ದೂರದಲ್ಲಿ ತೆಳು ಬಟ್ಟೆಯ ಪರದೆ ಇಳಿಬಿಟ್ರೆ ಕಣ್ಣಿಗೂ ಕಾಣಲ್ಲ, ಗಾಳಿಯೂ ಆಡತ್ತೆ. ಮತ್ತೆ ನಾದಿನಿಗೆ ಆ ರೂಮ್ ಕೊಡ್ಬೇಡಿ, ಬೇರೆ ರೂಮ್ ಕೊಟ್ಟು ಇದರಲ್ಲಿ ಬ್ಯಾಗು, ಹಾಸಿಗೆ ಗಂಟು ಇಡಿ, ಅದೂ ಗೋಡೆಗೆ ತಾಗದ ಹಾಗೆ. ಬಂದವರಿಗೆ "ಗೋಡೆ ಒಣಗೋಕೆ ಬಿಟ್ಟಿದೀವಿ" ಅಂತ ಹೇಳಿದ್ರೆ ಯಾರೂ ಏನೂ ಅಂದ್ಕೊಳ್ಳಲ್ಲ, ಎಲ್ಲರ ಮನೇಲೂ ಇಂಥ ಒಂದು ಗೋಡೆ ಇರತ್ತೆ.

ಗರ್ಭಿಣಿ ಅಂದಾಗ ಇನ್ನೊಂದು ಮಾತು ನೀವು ಕೇಳದೇ ಇದ್ರೂ ಹೇಳ್ಬೇಕು. ನಿಮ್ಮ ಮನೆಗೆ 26 ವರ್ಷ. ಹಳೇ ಎನಾಮಲ್ ಪೈಂಟ್‌ಗಳಲ್ಲಿ, ಅಂದ್ರೆ ಬಾಗಿಲು, ಕಿಟಕಿ, ಗ್ರಿಲ್‌ಗೆ ಹೊಡೆಯೋ ಹೊಳೆಯೋ ಬಣ್ಣದಲ್ಲಿ, ಸೀಸ ಇರೋ ಸಾಧ್ಯತೆ ಇದೆ. ಹಬ್ಬಕ್ಕೆ ಅಂತ ಅದನ್ನ ಉಜ್ಜುಕಾಗದದಲ್ಲಿ ಒಣಗಿದ ಹಾಗೇ ಉಜ್ಜಿದ್ರೆ ಆ ಧೂಳು ಮನೆ ತುಂಬ ಹರಡತ್ತೆ, ನೆಲದ ಮೇಲೆ ಕೂರತ್ತೆ, ಅಂಬೆಗಾಲಿಡೋ ಮಕ್ಕಳ ಕೈಗೆ ಬಾಯಿಗೆ ಹೋಗತ್ತೆ. ಸೀಸ ಚಿಕ್ಕ ಮಕ್ಕಳ ಮೆದುಳಿಗೂ ಹೊಟ್ಟೆಯಲ್ಲಿರೋ ಮಗುವಿಗೂ ಕೆಟ್ಟದ್ದು, ಇಷ್ಟು ಪ್ರಮಾಣ ಆದ್ರೆ ಪರವಾಗಿಲ್ಲ ಅನ್ನೋ ಮಟ್ಟ ಇಲ್ಲ. ಹಳೇ ಬಣ್ಣ ಗಟ್ಟಿಯಾಗಿ ಅಂಟಿಕೊಂಡಿದ್ರೆ ಅದನ್ನ ಮುಟ್ಟದೇ ಇರೋದೇ ಕ್ಷೇಮ, ಉಜ್ಜಲೇಬೇಕು ಅಂದ್ರೆ ನೀರು ಹಾಕಿ ಒದ್ದೆಯಾಗಿ ಉಜ್ಜಿ, ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಆಮೇಲೆ ಪೊರಕೆ ಹಾಕದೇ ಒದ್ದೆ ಬಟ್ಟೇಲಿ ಒರೆಸಿ, ಮಕ್ಕಳು ಆ ದಿನ ಆ ರೂಮಿಗೆ ಬರಬಾರದು.

ಮೇಲಿನ ಬಾತ್‌ರೂಮ್ ವಾಸನೆಗೆ ಬರ್ತೀನಿ, ಇದು ನಿಮಗೆ ಖುಷಿ ಕೊಡೋ ಉತ್ತರ. ಯಾರೂ ಬಳಸದ ಬಾತ್‌ರೂಮ್‌ನಲ್ಲಿ ಗಟಾರದ ವಾಸನೆ ಬಂದ್ರೆ ನೂರಕ್ಕೆ ತೊಂಬತ್ತು ಸಲ ಪೈಪು ಒಡೆದಿರಲ್ಲ, ನೆಲದ ಜಾಲಿ ಕೆಳಗೆ, ಬೇಸಿನ್ ಕೆಳಗೆ ಬಾಗಿದ ಪೈಪಲ್ಲಿ ಯಾವಾಗ್ಲೂ ಸುಮಾರು 5 ಸೆಂಟಿಮೀಟರ್ ನೀರು ನಿಂತಿರಬೇಕು, ಆ ನೀರೇ ಗಟಾರದ ಗಾಳಿಗೆ ಅಡ್ಡ ನಿಲ್ಲೋ ಬಾಗಿಲು, ವಾರಗಟ್ಟಲೆ ಬಳಸದೇ ಇದ್ರೆ ಅದು ಆವಿಯಾಗಿ ಹೋಗಿ ಬಾಗಿಲು ತೆರೆದ ಹಾಗೆ ಆಗಿರತ್ತೆ. ಪ್ರತಿ ಜಾಲಿಗೆ ಎರಡು ಚೊಂಬು ನೀರು ಹಾಕಿ, ಕಮೋಡ್ ಒಂದು ಸಲ ಫ್ಲಶ್ ಮಾಡಿ, ಒಂದು ಗಂಟೆ ಕಿಟಕಿ ತೆಗೆದಿಡಿ. ಮುಂದೆ ಬಹಳ ದಿನ ಬಳಸಲ್ಲ ಅಂದ್ರೆ ನೀರಿನ ಮೇಲೆ ಎರಡು ಚಮಚ ಎಣ್ಣೆ ಬಿಟ್ರೆ ಬೇಗ ಆರಲ್ಲ. ಇಷ್ಟಾದ ಮೇಲೂ ಮಾರನೇ ದಿನ ವಾಸನೆ ಬಂದ್ರೆ ಆಗ ಪ್ಲಂಬರ್.

ಇದಕ್ಕೆ ಅಡುಗೆ ಸೋಡಾ ಮತ್ತೆ ವಿನೆಗರ್ ಸುರೀರಿ ಅಂತ ಎಲ್ಲಾ ಕಡೆ ವಿಡಿಯೋ ಓಡಾಡತ್ತೆ. ನೊರೆ ಬರತ್ತೆ, ಕೆಲಸ ಆಗ್ತಿದೆ ಅನ್ಸತ್ತೆ, ಆದ್ರೆ ಒಂದು ಹುಳಿ, ಒಂದು ಕ್ಷಾರ, ಎರಡೂ ಸೇರಿ ಒಂದನ್ನೊಂದು ಕೊಂದ್ಕೊಂಡು ಉಳಿಯೋದು ಉಪ್ಪುಪ್ಪು ನೀರು, ಜಿಡ್ಡು ಅಲ್ಲಾಡಲ್ಲ. ಅದರಿಂದ ಹಾನಿ ಏನಿಲ್ಲ ಬಿಡಿ. ಕುದಿಯೋ ನೀರು ಸುರಿಯೋದು ಮಾತ್ರ ಬೇಡ, ಪಿವಿಸಿ ಪೈಪು 60 ಡಿಗ್ರಿ ದಾಟಿದ ಬಿಸಿಗೆ ಮಾಡಿದ್ದಲ್ಲ, ಜಾಯಿಂಟ್ ಮೆತ್ತಗಾಗಿ ಬಿಟ್ಕೊಳ್ಳತ್ತೆ. ನಿಜವಾಗ್ಲೂ ಹೆದರಬೇಕಾದ್ದು ಬೇರೆ ಇದೆ, ಹಬ್ಬದ ಮುಂಚೆ ಒಂದೇ ದಿನ ಟಾಯ್ಲೆಟ್‌ಗೆ ಆ್ಯಸಿಡ್ ಹಾಕಿ ನೆಲಕ್ಕೆ ಬ್ಲೀಚ್ ಹಾಕೋದು. ಎರಡೂ ಸೇರಿದ್ರೆ ಕ್ಲೋರಿನ್ ಗ್ಯಾಸ್ ಏಳತ್ತೆ, ಸಣ್ಣ ಬಾತ್‌ರೂಮ್, ಬಾಗಿಲು ಮುಚ್ಚಿದೆ, ಬಗ್ಗಿ ಉಜ್ಜುತಿರ್ತೀವಿ, ನೇರ ಶ್ವಾಸಕೋಶಕ್ಕೆ. ಒಂದು ದಿನಕ್ಕೆ ಒಂದೇ ಕ್ಲೀನರ್, ಅದನ್ನ ಚೆನ್ನಾಗಿ ನೀರು ಹಾಕಿ ತೊಳೆದ ಮೇಲೆ ಮಾರನೇ ದಿನ ಇನ್ನೊಂದು, ನಿಮ್ಮ ಮನೆಗೆ ಕೆಲಸಕ್ಕೆ ಬರೋರಿಗೂ ಇದನ್ನ ಬಾಯಿ ಬಿಟ್ಟು ಹೇಳಿ, ಅವರಿಗೆ ಯಾರೂ ಹೇಳಿರಲ್ಲ.

ನಲ್ಲಿ ಸುಲಭದ ಕೆಲಸ, ನಾಲ್ಕೈದು ಸುತ್ತು ತಿರುಗಿಸೋ ನಲ್ಲಿಯಾಗಿದ್ರೆ ಒಳಗಿನ ರಬ್ಬರ್ ವಾಷರ್ ಸವೆದಿರತ್ತೆ, ಕಾಲು ಸುತ್ತಿಗೇ ನಿಲ್ಲೋದಾದ್ರೆ ಅದರಲ್ಲಿ ವಾಷರ್ ಇರಲ್ಲ, ಸೆರಾಮಿಕ್ ಕಾರ್ಟ್ರಿಜ್ ಇರತ್ತೆ, ಅದನ್ನೇ ಬದಲಾಯಿಸ್ಬೇಕು, ಹಳೇದನ್ನ ಕೈಲಿ ಹಿಡ್ಕೊಂಡೇ ಅಂಗಡಿಗೆ ಹೋಗಿ, ಅಳತೆ ಬೇರೆ ಬೇರೆ ಬರತ್ತೆ. ಆದ್ರೆ ನಲ್ಲಿ ಬಿಚ್ಚೋ ಮುಂಚೆ ಆ ಲೈನಿನ ವಾಲ್ವ್ ಪೂರ್ತಿ ಮುಚ್ಚತ್ತಾ ಅಂತ ನೋಡಿ. ವರ್ಷಗಟ್ಟಲೆ ಮುಟ್ಟದ ಗೇಟ್ ವಾಲ್ವ್ ತಿರುಗಿದ ಹಾಗೆ ಕಂಡ್ರೂ ಒಳಗೆ ಮುಚ್ಚಿರಲ್ಲ. ನನ್ನ ಕೆಲಸದ ಶುರುವಿನ ದಿನಗಳಲ್ಲಿ ಒಂದು ಮನೇಲಿ ಹಬ್ಬದ ಹಿಂದಿನ ಸಂಜೆ ಇಂಥ ಒಂದು ವಾಲ್ವನ್ನ ಜೋರು ಮಾಡಿ ತಿರುಗಿಸಿದೆ, ಕಡ್ಡಿ ಮುರಿದು ಕೈಗೆ ಬಂತು, ಅಂಗಡಿ ಮುಚ್ಚಿತ್ತು, ಆ ಮನೆಯವರು ಎರಡು ದಿನ ಟ್ಯಾಂಕ್ ಖಾಲಿ ಇಟ್ಟು ಪಕ್ಕದ ಮನೆಯಿಂದ ನೀರು ಹೊತ್ತರು, ಆ ಮನೆಯ ಅಜ್ಜಿ ಬಕೆಟ್ ಎತ್ತಿಕೊಂಡು ಹೋಗ್ತಿದ್ದಿದ್ದು ನಂಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅಲ್ಲಿಂದ ಇಲ್ಲೀ ತನಕ ಹಬ್ಬಕ್ಕೆ ಮೂರು ದಿನ ಇದೆ ಅಂದಾಗ ನೀರಿನ ಲೈನಾಗಲಿ ಕರೆಂಟಿನ ಲೈನಾಗಲಿ ನಾನು ಬಿಚ್ಚಲ್ಲ, ಕೇಳಿದವರಿಗೂ ಇಲ್ಲ ಅಂತೀನಿ, ಅಪಾಯದ್ದಾದ್ರೆ ಮಾತ್ರ ಬೇರೆ ಮಾತು. ನಿಮ್ಮ ಲೆಕ್ಕದಲ್ಲಿ ಇನ್ನು 9 ದಿನ ಇದೆ ಅಂದ್ಕೊಳ್ಳಿ.

ಬಾಗಿಲಿಗೆ ಈಗ್ಲೇ ಕೀಸುಳಿ ಹಾಕಿ ಹೆರೆಸ್ಬೇಡಿ. ತೇವದ ದಿನಗಳಲ್ಲಿ ಮರ ಅಗಲಕ್ಕೆ ಉಬ್ಬತ್ತೆ, ಒಣ ದಿನಗಳಲ್ಲಿ ಇಳಿಯತ್ತೆ, ಉಬ್ಬಿದಾಗ ಹೆರೆದ್ರೆ ಇಳಿದಾಗ ಸಂದು ಬಿಡತ್ತೆ. ಮೊದಲು ಮೇಲಿನ ಹಿಂಜ್ ಸ್ಕ್ರೂ ಬಿಗಿ ಮಾಡಿ ನೋಡಿ, ಬಾಗಿಲು ಜೋತು ಬಿದ್ದು ಹಿಡಿಯೋದೇ ಹೆಚ್ಚು. ಸ್ಕ್ರೂ ಸುಮ್ಮನೆ ತಿರುಗ್ತಿದ್ರೆ ಸ್ವಲ್ಪ ಉದ್ದದ ಸ್ಕ್ರೂ ಹಾಕಿ. ಆಮೇಲೂ ಉಜ್ಜಿದ್ರೆ ಚೌಕಟ್ಟಿಗೆ ಸೀಮೆಸುಣ್ಣ ಹಚ್ಚಿ ಬಾಗಿಲು ಹಾಕಿ ತೆಗೀರಿ, ಬಾಗಿಲಲ್ಲಿ ಬಿಳೀ ಆದ ಜಾಗಕ್ಕೆ ಮೇಣದಬತ್ತಿ ಉಜ್ಜಿ. ಹಬ್ಬ ಕಳೆಯೋಕೆ ಇಷ್ಟು ಸಾಕು.

ಕೊನೇದಾಗಿ ನಿಮ್ಮ ಮಾವನವರ ವಿಷಯ, ಇದನ್ನ ನಾನು ರಿಪೇರಿ ವಿಷಯ ಅಂತಲೇ ನೋಡ್ತೀನಿ. ಏಣಿ ಇಡೋಕೆ ಒಂದು ಲೆಕ್ಕ ಇದೆ, ಗೋಡೆಗೆ ಒರಗಿಸೋ ಏಣಿ ನಾಲ್ಕಡಿ ಎತ್ತರಕ್ಕೆ ಒಂದಡಿ ಬುಡ ಹೊರಗೆ, ಯಾವಾಗ್ಲೂ ಎರಡು ಕಾಲು ಒಂದು ಕೈ ಅಥವಾ ಎರಡು ಕೈ ಒಂದು ಕಾಲು ಏಣಿ ಮೇಲೆ, ಪಕ್ಕಕ್ಕೆ ಬಾಗಿ ಕೈ ಚಾಚೋ ಬದಲು ಇಳಿದು ಏಣಿ ಸರಿಸ್ಬೇಕು. ಇದು ಯಾವ ವಯಸ್ಸಿನವರಿಗೂ. ಆದ್ರೆ 72ಕ್ಕೆ ಬ್ಯಾಲೆನ್ಸ್ ಮೊದಲಿನ ಹಾಗೆ ಇರಲ್ಲ, ಬಿಪಿ ಮಾತ್ರೆ ತಗೊಳ್ಳೋರಿಗೆ ತಲೆ ಎತ್ತಿ ಮೇಲೆ ನೋಡಿ ಇಳಿಯುವಾಗ ತಲೆ ಸುತ್ತೋದುಂಟು, ಆ ವಯಸ್ಸಲ್ಲಿ ಸೊಂಟದ ಮೂಳೆ ಮುರಿದ್ರೆ ತಿಂಗಳುಗಟ್ಟಲೆ ಹಾಸಿಗೆ. ಹಾಗಂತ "ನಿಮಗೆ ಆಗಲ್ಲ ಬಿಡಿ ಮಾವ" ಅಂದ್ರೆ ಅವರು ನೀವು ಇಲ್ಲದಾಗ ಹತ್ತುತ್ತಾರೆ, ನಾನು ಬಹಳ ಮನೇಲಿ ನೋಡಿದ್ದೀನಿ.

ಅವರ ಹತ್ರ ನಿಮ್ಮ ಯಾರ ಹತ್ರಾನೂ ಇಲ್ಲದ ಒಂದು ವಸ್ತು ಇದೆ. ಆ ಗೋಡೆ ಕಟ್ಟುವಾಗ ಅವರು ಅಲ್ಲಿ ನಿಂತಿದ್ರು. ಪೈಪು ಎಷ್ಟು ಎತ್ತರದಲ್ಲಿ ಹೋಗಿದೆ, ಕಬ್ಬಿಣದ್ದಾ ಪ್ಲಾಸ್ಟಿಕ್‌ದಾ, ಜಾಯಿಂಟ್ ಎಲ್ಲಿ ಬಂತು, ಬಾತ್‌ರೂಮ್ ಟೈಲ್ಸ್ ಆಮೇಲೆ ಯಾವಾಗ ಬದಲಾಯಿಸಿದ್ರು, ಇದೆಲ್ಲ ಅವರ ನೆನಪಲ್ಲಿದೆ. 26 ವರ್ಷದ ಕಬ್ಬಿಣದ ಪೈಪು ಅಂತ ಅವರು ಹೇಳಿದ್ರೆ ನನ್ನ ಅನುಮಾನ ಅರ್ಧಕ್ಕರ್ಧ ಅಲ್ಲೇ ಗಟ್ಟಿ ಆಗತ್ತೆ, ಅದು ಒಳಗಿಂದ ತುಕ್ಕು ಹಿಡಿಯೋ ವಯಸ್ಸು. ಅವರನ್ನ ಕೂರಿಸಿ ಒಂದು ಕಾಗದದಲ್ಲಿ ಆ ಗೋಡೆಯ ನಕ್ಷೆ ಬರೆಸಿ, ಪ್ಲಂಬರ್ ಬಂದಾಗ ಪಕ್ಕದಲ್ಲಿ ಅವರೇ ನಿಲ್ಲಲಿ, ಮೀಟರ್ ಓದೋದು, ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯೋದು ಅವರ ಕೆಲಸ ಅಂತ ಇರಲಿ. ನಿಮ್ಮ ಯಜಮಾನ್ರಿಗೆ ಏಣಿ ಹತ್ತೋ ಕೆಲಸ, ಬಲ್ಬು, ಫ್ಯಾನ್ ಒರೆಸೋದು, ಕೆಳಗೆ ಒಬ್ಬರು ಏಣಿ ಹಿಡ್ಕೊಂಡು. ಕಾಗದದಲ್ಲಿ ಪೈಪಿನ ದಾರಿ ಕಂಡ ಮೇಲೆ ಪೈಂಟ್ ಸಾಕಾ ಬೇಡ್ವಾ ಅನ್ನೋ ವಾದ ನಿಮ್ಮ ಊಟದ ಹೊತ್ತಲ್ಲಿ ಅಷ್ಟು ಜೋರಾಗಿ ನಡೆಯಲ್ಲ ಅಂತ ನಂಗನ್ಸತ್ತೆ, ಇಬ್ಬರೂ ಒಂದೇ ಕಾಗದ ನೋಡ್ತಿರ್ತಾರೆ.

ಆ ನಕ್ಷೆ, ಎರಡು ಸಲದ ಮೀಟರ್ ಓದು, ಸ್ನಾನ ನಿಲ್ಲಿಸಿ ಐದನೇ ದಿನಕ್ಕೆ ತೇವ ಗೆರೆಯಿಂದ ಎಷ್ಟು ಬೆರಳು ಒಳಗೆ ಬಂದಿದೆ, ಈ ಮೂರನ್ನ ನಂಗೆ ಬರೆದು ಕಳಿಸಿ. ಹಬ್ಬ ಮುಗಿದ ಮೇಲೆ ಗೋಡೆ ಒಡೀಬೇಕಾ, ಒಡೆದ್ರೆ ಎಲ್ಲಿ ಒಡೀಬೇಕು ಅನ್ನೋದನ್ನ ಅದು ನೋಡಿ ಹೇಳ್ತೀನಿ.